ಮಳೆಯಾಶ್ರಿತ ಬೆಳೆಗಳಲ್ಲಿ ಜೀವಾಣು ಗೊಬ್ಬರಗಳ ಬಳಕೆ: ಹುಲ್ಲಹಳ್ಳಿ ಹೋಬಳಿಯ ರೈತರಿಗೆ ಮಾಹಿತಿ

ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಹೋಬಳಿಯಲ್ಲಿ ಕಪಿಲಾ ನದಿಯ ಅಣೆಕಟ್ಟೆಯ ನಾಲೆಯಿಂದ ನೀರು ಪಡೆಯುವ ಗದ್ದೆಗಳು ಒಂದೆಡೆಯಿದ್ದರೆ, ನಾಲೆ ತಲುಪದ ಜಮೀನುಗಳು ಮಳೆಯನ್ನೇ ಅವಲಂಬಿಸಿವೆ. ಮುಂಗಾರು ಪೂರ್ವದಲ್ಲಿ ಬಿತ್ತುವ ಅಲಸಂದೆ, ಹೆಸರು, ಉದ್ದು ಬೆಳೆಗಳಲ್ಲಿ ಎರಡು ಮಳೆಗಳ ನಡುವಿನ ಅಂತರ ಹೆಚ್ಚಾದರೆ ಇಳುವರಿ ಕುಂಠಿತವಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಬರವನ್ನು ತಡೆಯಲಾಗದಿದ್ದರೂ ಬೆಳೆಯ ತಾಳಿಕೆಯನ್ನು ಹೆಚ್ಚಿಸಲು ಬೇರಿನೊಡನೆ ಬದುಕುವ ಸೂಕ್ಷ್ಮಜೀವಿಗಳು ನೆರವಾಗುತ್ತವೆ.

ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯಲ್ಲಿನ ಸಾರಜನಕವನ್ನು ಸ್ಥಿರೀಕರಿಸಿ ಗಿಡಕ್ಕೆ ಒದಗಿಸುತ್ತದೆ. ಗಿಡವು ಅದಕ್ಕೆ ಪ್ರತಿಯಾಗಿ ಸಕ್ಕರೆಯನ್ನು ನೀಡುತ್ತದೆ. ಆದರೆ ಮಣ್ಣು ಒಣಗಿದಾಗ ಮೊದಲು ಕುಂದುವುದು ಈ ಕಾರ್ಯವೇ. ಇಲ್ಲಿ ಮೈಕೋರೈಜಾ ಶಿಲೀಂಧ್ರದ ಪಾತ್ರ ಮುಖ್ಯವಾಗುತ್ತದೆ. ಇದರ ಎಳೆಗಳು ಬೇರು ತಲುಪಲಾಗದ ಮಣ್ಣಿನ ಸಂದುಗಳಿಗೂ ಹರಡಿ ರಂಜಕವನ್ನು ಹಾಗೂ ಸ್ವಲ್ಪಮಟ್ಟಿಗೆ ನೀರನ್ನು ಹೀರಿ ತರುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಡಾ. ಡಿ.ಜೆ. ಬಾಗ್ಯರಾಜ್ ಮತ್ತು ಸಹೋದ್ಯೋಗಿಗಳು 1979ರಲ್ಲಿ ಪ್ರಕಟಿಸಿದ ಸೋಯಾ ಅವರೆಯ ಕ್ಷೇತ್ರ ಪ್ರಯೋಗದಲ್ಲಿ, ರಂಜಕದ ಕೊರತೆಯಿರುವ ಮಣ್ಣಿನಲ್ಲಿ ಎರಡೂ ಜೀವಿಗಳನ್ನು ಒಟ್ಟಿಗೆ ನೀಡಿದಾಗ ಬೇರಿನ ಗಂಟುಗಳು ಹೆಚ್ಚಾಗಿದ್ದುದು ಕಂಡುಬಂದಿತು. ಬಿಸಿಯೇರುತ್ತಿರುವ ಸಮುದ್ರದಲ್ಲಿ ಹವಳಗಳನ್ನು ಉಳಿಸಲು ಇಂದು ನಡೆಯುತ್ತಿರುವ ಬ್ಯಾಕ್ಟೀರಿಯಾ ಪ್ರಯೋಗಗಳೂ ಇಂತಹ ಸಹಜೀವನವನ್ನೇ ಆಧರಿಸಿವೆ.

ಬಳಸುವ ವಿಧಾನ

10 ಕಿ.ಗ್ರಾಂ ಬಿತ್ತನೆ ಬೀಜಕ್ಕೆ 200 ಗ್ರಾಂ ರೈಜೋಬಿಯಂ ಪುಡಿಯನ್ನು ಆರಿದ ಬೆಲ್ಲದ ನೀರಿನಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತತಕ್ಕದ್ದು. ಶಿಲೀಂಧ್ರನಾಶಕದ ಉಪಚಾರವಿದ್ದಲ್ಲಿ ಅದನ್ನು ಮೊದಲು ಮುಗಿಸಿ, ರೈಜೋಬಿಯಂ ಅನ್ನು ಕೊನೆಯಲ್ಲಿ ಲೇಪಿಸುವುದು. ಅಲಸಂದೆಗೆ ಅಲಸಂದೆಯ ಗುಂಪಿನ ರೈಜೋಬಿಯಂ ಪೊಟ್ಟಣವನ್ನೇ ಕೇಳಿ ಪಡೆಯಬೇಕು.

ಮೈಕೋರೈಜಾವನ್ನು ಬೇರಿಗೆ ತಾಗುವಂತೆ ಮಣ್ಣಿಗೆ ಹಾಕಬೇಕು. ಮೆಣಸಿನಕಾಯಿ, ಟೊಮ್ಯಾಟೊ ಬೆಳೆಗಳಿಗೆ ಸಸಿಮಡಿಯಲ್ಲಿಯೇ ನೀಡಿದರೆ ಖರ್ಚು ಕಡಿಮೆ. ರಂಜಕಯುಕ್ತ ರಾಸಾಯನಿಕ ಗೊಬ್ಬರವನ್ನು ಅತಿಯಾಗಿ ಹಾಕಿದಲ್ಲಿ ಈ ಶಿಲೀಂಧ್ರವು ಬೇರಿನಲ್ಲಿ ಸರಿಯಾಗಿ ನೆಲೆಸುವುದಿಲ್ಲ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿಯೇ ಗೊಬ್ಬರದ ಪ್ರಮಾಣ ನಿರ್ಧರಿಸುವುದು ಸೂಕ್ತ. ಕೋಸು, ಸಾಸಿವೆ ಬೆಳೆಗಳ ಬೇರಿನಲ್ಲಿ ಇದು ನೆಲೆಸದ ಕಾರಣ ಅವುಗಳಿಗೆ ಬಳಸುವುದು ಹಣದ ಅಪವ್ಯಯ.

ಪಡೆಯುವ ಬಗೆ

ದಾಸ್ತಾನು, ದರ ಹಾಗೂ ಸಹಾಯಧನದ ವಿವರಗಳಿಗೆ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಬಿತ್ತನೆಗೆ ಮುಂಚಿತವಾಗಿ ಸಂಪರ್ಕಿಸುವುದು. ಸಹಾಯಧನ ಕೋರುವವರು ಫ್ರೂಟ್ಸ್ ನೋಂದಣಿ ಸಂಖ್ಯೆಯನ್ನು ಹೊಂದಿರಬೇಕು. ಖರೀದಿಸುವಾಗ ಪೊಟ್ಟಣದ ಮೇಲಿನ ಬೆಳೆಯ ಹೆಸರು, ತಯಾರಿಕೆ ಹಾಗೂ ಅವಧಿ ಮುಗಿಯುವ ದಿನಾಂಕವನ್ನು ಪರಿಶೀಲಿಸಿ ರಸೀದಿ ಪಡೆಯತಕ್ಕದ್ದು. ರಸಗೊಬ್ಬರ ನಿಯಂತ್ರಣ ಆದೇಶ, 1985ರನ್ವಯ ರೈಜೋಬಿಯಂ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಾಣುಗಳಿರಬೇಕು. ಬಿಸಿಲಿನಲ್ಲಿ ಇಟ್ಟ ಪೊಟ್ಟಣದಲ್ಲಿ ಇವು ಸಾಯುವುದರಿಂದ, ಅಂಗಡಿಯ ಹೊರಗೆ ಬಿಸಿಲಿಗೆ ಒಡ್ಡಿದ ಸರಕನ್ನು ಕೊಳ್ಳಬಾರದು.