96 ಎಸೆತ, 12 ರನ್, ಒಬ್ಬ ಕ್ಯಾಪ್ಟನ್

ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್ಟಿನಲ್ಲಿ ಹೊಡೆದಿದ್ದು 13,288 ರನ್. ಅಷ್ಟರಲ್ಲಿ ಬರೀ 12 ರನ್ ಹಿಡಿದುಕೊಂಡು ಜಗಳ ತೆಗೆಯುವವರು ಇಂದಿಗೂ ಸಿಗುತ್ತಾರೆ.

2007ರ ಆಗಸ್ಟ್, ಲಂಡನ್ನಿನ ಓವಲ್ ಮೈದಾನ. ಸರಣಿಯಲ್ಲಿ ಭಾರತ 1-0 ಮುಂದಿತ್ತು. ಮೊದಲ ಇನಿಂಗ್ಸಿನಲ್ಲಿ ನಾವು 664, ಅವರು 345. ಫಾಲೋ ಆನ್ ಕೊಡಬಹುದಿತ್ತು, ಕ್ಯಾಪ್ಟನ್ ದ್ರಾವಿಡ್ ಕೊಡಲಿಲ್ಲ. ಮತ್ತೆ ಬ್ಯಾಟ್ ಮಾಡಲು ಹೋದರೆ ಆರಂಭದಲ್ಲೇ ಪಟಪಟನೆ ವಿಕೆಟ್ ಉರುಳಿದವು. ಆಗ ಕ್ಯಾಪ್ಟನ್ ಸಾಹೇಬರು 96 ಎಸೆತ ಆಡಿ 12 ರನ್ ಮಾಡಿದರು. ಪಂದ್ಯ ಡ್ರಾ ಆಯಿತು, ಸರಣಿ ನಮ್ಮದಾಯಿತು. 1986ರಲ್ಲಿ ಕಪಿಲ್ ದೇವ್ ತಂಡ ಗೆದ್ದ ಮೇಲೆ, 21 ವರ್ಷಕ್ಕೆ ಇಂಗ್ಲೆಂಡಿನಲ್ಲಿ ಸಿಕ್ಕ ಸರಣಿ ಗೆಲುವು ಅದು. ಆದರೂ ಮಾತೆಲ್ಲ ಆ 12 ರನ್ನಿನದ್ದೇ!

ಇದೇ ದ್ರಾವಿಡ್ 2011ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದರು. ಕ್ಯಾಪ್ಟನ್ ಆಗಿ ಅಲ್ಲ, ಬರೀ ಬ್ಯಾಟ್ಸ್‌ಮನ್ ಆಗಿ. ಮೂರು ಶತಕ ಹೊಡೆದರು. ಅದೇ ಓವಲ್‌ನಲ್ಲಿ ಆರಂಭಿಕನಾಗಿ ಇಳಿದು ಕೊನೆಯವರೆಗೂ ಔಟಾಗದೆ 146. ಭಾರತ ಸರಣಿ ಸೋತಿದ್ದು 4-0 ಅಂತರದಲ್ಲಿ. ಆದರೆ ದ್ರಾವಿಡ್ ಮೇಲೆ ಹೂಮಳೆ. ಸರಣಿ ಗೆದ್ದಾಗ ಬೈಗುಳ, ಸೋತಾಗ ಹೂಮಳೆ. ನಾಲ್ಕು ವರ್ಷದಲ್ಲಿ ಬದಲಾಗಿದ್ದು ಹೆಸರಿನ ಮುಂದಿದ್ದ 'ಕ್ಯಾಪ್ಟನ್' ಅನ್ನೋ ಒಂದು ಪದ.

ನನಗೆ ಅನ್ನಿಸುವುದು ಇಷ್ಟೇ. ಬ್ಯಾಟ್ಸ್‌ಮನ್ ಹತ್ತಿರ ನಾವು ರನ್ ಕೇಳುತ್ತೇವೆ. ಕ್ಯಾಪ್ಟನ್ ಹತ್ತಿರ ಕೇಳುವುದು ರನ್ ಅಲ್ಲ, ಉತ್ತರ. ಹನ್ನೊಂದು ಜನರ ಸೋಲಿಗೂ, ಭಯಕ್ಕೂ, ನಮ್ಮ ನಿರಾಸೆಗೂ ಅವರೊಬ್ಬರ ಬ್ಯಾಟೇ ಜವಾಬು ಕೊಡಬೇಕು.

ಸ್ವಲ್ಪ ಲೆಕ್ಕ ನೋಡೋಣ. "ಕ್ಯಾಪ್ಟನ್ ಆದ ಮೇಲೆ ದ್ರಾವಿಡ್ ಬ್ಯಾಟು ಕೆಟ್ಟಿತು" ಅಂತ ಆಗ ಎಲ್ಲರ ಬಾಯಲ್ಲೂ ಇತ್ತು. ಟೆಸ್ಟಿನಲ್ಲಿ ಅದು ಅರ್ಧ ನಿಜ. ಅವರ ಒಟ್ಟು ಸರಾಸರಿ 52 ಚಿಲ್ಲರೆ, ನಾಯಕರಾಗಿ ಆಡಿದ 25 ಟೆಸ್ಟಿನಲ್ಲಿ 44 ಚಿಲ್ಲರೆ. ಆದರೆ ಒಂದು ದಿನದ ಪಂದ್ಯಗಳಲ್ಲಿ ಕಥೆ ಉಲ್ಟಾ. ವೃತ್ತಿಜೀವನದ ಸರಾಸರಿ 39, ಕ್ಯಾಪ್ಟನ್ ಆಗಿ 42! ಭಾರತ ಸತತ 17 ಬಾರಿ ಗುರಿ ಬೆನ್ನಟ್ಟಿ ಗೆದ್ದದ್ದು 2005-06ರಲ್ಲಿ, ಬಹುಪಾಲು ಇವರ ನಾಯಕತ್ವದಲ್ಲೇ. 2006ರಲ್ಲಿ ಜಮೈಕಾದ ಸಬೀನಾ ಪಾರ್ಕಿನಲ್ಲಿ ಚೆಂಡು ಎದೆಮಟ್ಟ ಏಳುತ್ತೋ, ನೆಲಕ್ಕೆ ಅಂಟುತ್ತೋ ಗೊತ್ತಾಗದ ಪಿಚ್. ಭಾರತದ ಎರಡು ಇನಿಂಗ್ಸ್ 200 ಮತ್ತು 171. ಅದರಲ್ಲಿ ಕ್ಯಾಪ್ಟನ್ ಪಾಲು 81 ಮತ್ತು 68. 1971ರ ವಾಡೇಕರ್ ತಂಡದ ನಂತರ 35 ವರ್ಷಕ್ಕೆ ವೆಸ್ಟ್ ಇಂಡೀಸಿನಲ್ಲಿ ಸರಣಿ ಗೆದ್ದೆವು. ನಾಯಕನ ಆಟ ಅಂದರೆ ಇದಕ್ಕಿಂತ ಇನ್ನೇನು ಬೇಕು ಸ್ವಾಮಿ?

ಆದರೆ 2007ರ ಮಾರ್ಚ್ ಬಂತು. ವಿಶ್ವಕಪ್‌ನಲ್ಲಿ ಬಾಂಗ್ಲಾದೇಶದ ಎದುರು ಸೋತೆವು, ಶ್ರೀಲಂಕಾ ಎದುರು ಸೋತು ಮನೆಗೆ ಬಂದೆವು. ರಾಂಚಿಯಲ್ಲಿ ಧೋನಿ ಕಟ್ಟಿಸುತ್ತಿದ್ದ ಮನೆಯ ಮೇಲೆ ಜನ ನುಗ್ಗಿದರು. ಶ್ರೀಲಂಕಾ ಎದುರಿನ ಆ ಪಂದ್ಯದಲ್ಲಿ ಭಾರತದ ಪರ ಅತಿ ಹೆಚ್ಚು ರನ್ ಹೊಡೆದವರು ಯಾರು ಅಂತ ಈಗ ಕೇಳಿ ನೋಡಿ, ಹತ್ತರಲ್ಲಿ ಒಂಬತ್ತು ಜನ ತಡಬಡಾಯಿಸುತ್ತಾರೆ. ದ್ರಾವಿಡ್, 60 ರನ್. ಯಾರಿಗೂ ನೆನಪಿಲ್ಲ, ಯಾಕೆಂದರೆ ಆ 60 ಉತ್ತರವಾಗಲಿಲ್ಲ.

ಕನ್ನಡಿಗ ಅನ್ನುವ ಅಭಿಮಾನದಿಂದ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡಿ. ಗಚ್ಚಿಬೌಲಿಗೆ ಬಂದು ನೆಲೆಸಿ ಇಪ್ಪತ್ತು ವರ್ಷದ ಮೇಲಾಯಿತು. ಇಲ್ಲಿ ನಮ್ಮ ಬಡಾವಣೆಯ ಹತ್ತಿರ ಇರುವ ಬಾಲಯೋಗಿ ಸ್ಟೇಡಿಯಂ ಓಟ-ಜಿಗಿತದವರದ್ದು, ಕ್ರಿಕೆಟ್ ನೋಡಬೇಕಾದರೆ ಊರು ದಾಟಿ ಉಪ್ಪಲ್‌ಗೇ ಹೋಗಬೇಕು. ಆದರೆ ಇರಾನಿ ಚಹಾದ ಅಂಗಡಿಯಲ್ಲಿ ಕ್ರಿಕೆಟ್ ಮಾತಿಗೆ ಬರವಿಲ್ಲ. ನಾನು ದ್ರಾವಿಡ್ ಪರ ವಕಾಲತ್ತು ಶುರು ಮಾಡಿದರೆ ಇಲ್ಲಿನ ಹಿರಿಯರು ನಗುತ್ತಾರೆ, "ನಮ್ಮ ಅಜ್ಜು ಭಾಯ್ ಕಥೆ ಕೇಳಿದ್ದೀರಾ?" ಅಂತ.

ಅಜ್ಜು ಭಾಯ್ ಅಂದರೆ ಮೊಹಮ್ಮದ್ ಅಜರುದ್ದೀನ್. ಅವರ ಮೇಲಿನ ಮ್ಯಾಚ್ ಫಿಕ್ಸಿಂಗ್ ಆರೋಪ, 2000ದ ನಿಷೇಧ, 2012ರಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಅದನ್ನು ತಳ್ಳಿಹಾಕಿದ್ದು, ಅವೆಲ್ಲ ಬೇರೆಯೇ ಅಧ್ಯಾಯ. ಇಲ್ಲಿ ಬ್ಯಾಟಿನ ಮಾತಷ್ಟೇ. 1993ರ ಜನವರಿ, ಕಲ್ಕತ್ತಾದ ಈಡನ್ ಗಾರ್ಡನ್. ಕ್ಯಾಪ್ಟನ್ ಪಟ್ಟ ಇನ್ನೇನು ಹೋಯಿತು ಅನ್ನುವ ಗುಸುಗುಸು. ಅಜರ್ ಇಂಗ್ಲೆಂಡ್ ಮೇಲೆ 182 ಬಾರಿಸಿದರು, ಭಾರತ ಸರಣಿಯನ್ನು 3-0 ಗೆದ್ದಿತು. ಈಡನ್ ಅವರನ್ನು ತಲೆ ಮೇಲೆ ಹೊತ್ತಿತು. 1996ರ ಮಾರ್ಚ್ 13, ವಿಶ್ವಕಪ್ ಸೆಮಿಫೈನಲ್, ಅದೇ ಈಡನ್. ಟಾಸ್ ಗೆದ್ದು ಶ್ರೀಲಂಕಾಕ್ಕೆ ಬ್ಯಾಟಿಂಗ್ ಕೊಟ್ಟ ಅಜರ್ ಸೊನ್ನೆಗೆ ಔಟ್. 252 ಬೆನ್ನಟ್ಟಿದ ತಂಡ 98ಕ್ಕೆ 1 ಇದ್ದದ್ದು 120ಕ್ಕೆ 8 ಆಯಿತು. ಬಾಟಲಿ ಬಿದ್ದವು, ಬೆಂಕಿ ಹತ್ತಿತು, ಪಂದ್ಯ ಅಲ್ಲಿಗೇ ನಿಂತಿತು. ಏಳು ವಿಕೆಟ್ ಬಿದ್ದಿದ್ದು 22 ರನ್ನಿಗೆ, ಆದರೆ ಎಲ್ಲರಿಗೂ ಕಂಡಿದ್ದು ಕ್ಯಾಪ್ಟನ್‌ನ ಸೊನ್ನೆ.

ಅದೇ ಊರಿನ ಇನ್ನೊಂದು ಕಥೆ. 1999ರ ನವೆಂಬರ್ 8, ಇಲ್ಲಿನ ಲಾಲ್ ಬಹದ್ದೂರ್ ಸ್ಟೇಡಿಯಂ. ನ್ಯೂಜಿಲೆಂಡ್ ವಿರುದ್ಧ ಸಚಿನ್ ಔಟಾಗದೆ 186, ನಮ್ಮ ದ್ರಾವಿಡ್ 153, ಇಬ್ಬರದ್ದೂ 331ರ ಜೊತೆಯಾಟ. ಆ ದಿನ ಕ್ಯಾಪ್ಟನ್ ಯಾರು? ಸಚಿನ್! ಹೈದರಾಬಾದಿನವರೇ ಎಷ್ಟೋ ಜನ ಇದನ್ನು ಮರೆತಿದ್ದಾರೆ. ಕೆಲವೇ ವಾರಕ್ಕೆ ಆಸ್ಟ್ರೇಲಿಯಾದಲ್ಲಿ 3-0 ಸೋಲು. ಸೋತ ತಂಡದ ಕ್ಯಾಪ್ಟನ್ ಸಚಿನ್‌ಗೇ ಸರಣಿಶ್ರೇಷ್ಠ ಬಹುಮಾನ ಕೊಟ್ಟರು! ಆದರೂ 2000ದಲ್ಲಿ ಅವರು ನಾಯಕತ್ವ ಬಿಟ್ಟರು. ರನ್ ಕೊರತೆ ಇರಲಿಲ್ಲ, ಗೆಲುವಿನ ಕೊರತೆ ಇತ್ತು.

ಹೈದರಾಬಾದಿನಲ್ಲೇ ಬೆಳೆದ ಮಿಥಾಲಿ ರಾಜ್ ಪಾಡೂ ಇದೇ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಎದುರು ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ ಕ್ಯಾಪ್ಟನ್ ಆಗಿ 109 ಹೊಡೆದು ದಾರಿ ತೆರೆದರು. ಲಾರ್ಡ್ಸ್ ಫೈನಲ್‌ನಲ್ಲಿ 17ಕ್ಕೆ ರನ್ ಔಟ್. ಭಾರತ ಸೋತಿದ್ದು 9 ರನ್ನಿನಿಂದ. ಗೆದ್ದರೆ ಅವರ ಆಟಕ್ಕೆ 'ಆಧಾರ' ಅಂತ ಹೆಸರು, ಸೋತರೆ ಅದೇ ಆಟಕ್ಕೆ 'ನಿಧಾನ' ಅಂತ ಹೆಸರು.

ಮತ್ತೆ ಓವಲ್‌ಗೆ ಬರೋಣ. 2007ರ ಆ ಸರಣಿಯಲ್ಲಿ ಭಾರತದ ಒಂದೇ ಒಂದು ಶತಕ ಹೊಡೆದವರು ಬೌಲರ್! ಅನಿಲ್ ಕುಂಬ್ಳೆ, ಔಟಾಗದೆ 110, ಅವರ ಟೆಸ್ಟ್ ಬದುಕಿನ ಏಕೈಕ ಶತಕ. ಸೆಪ್ಟೆಂಬರಿನಲ್ಲಿ ದ್ರಾವಿಡ್ ರಾಜೀನಾಮೆ ಕೊಟ್ಟ ಮೇಲೆ ಟೆಸ್ಟ್ ನಾಯಕತ್ವ ಬಂದಿದ್ದೂ ಅವರಿಗೇ. ಬೆಂಗಳೂರಿನವರ ಕೈಯಿಂದ ಬೆಂಗಳೂರಿನವರ ಕೈಗೆ. ಆದರೆ ಕುಂಬ್ಳೆ ಎಷ್ಟು ರನ್ ಹೊಡೆದರು ಅಂತ ಯಾರೂ ಕೇಳಲಿಲ್ಲ. 2008ರ ಜನವರಿಯಲ್ಲಿ ಅವರ ತಂಡ ಪರ್ತ್‌ನಲ್ಲಿ ಆಸ್ಟ್ರೇಲಿಯಾವನ್ನು ಸೋಲಿಸಿತು. ಮೊದಲ ಇನಿಂಗ್ಸಿನಲ್ಲಿ 93 ಹೊಡೆದವರು, ಹೊರೆ ಇಳಿಸಿದ ದ್ರಾವಿಡ್.

ಈಗಲೂ ಏನೂ ಬದಲಾಗಿಲ್ಲ. 2024-25ರಲ್ಲಿ ಆಸ್ಟ್ರೇಲಿಯಾದಲ್ಲಿ ಐದು ಇನಿಂಗ್ಸಿಗೆ 31 ರನ್ ಮಾಡಿದ ರೋಹಿತ್ ಶರ್ಮ, ಸಿಡ್ನಿ ಟೆಸ್ಟಿನಿಂದ ತಾವೇ ಹೊರಗೆ ಕೂತರು. ಕ್ಯಾಪ್ಟನ್ನೇ ಹೊರಗೆ! 2025ರಲ್ಲಿ ಶುಭಮನ್ ಗಿಲ್ ನಾಯಕರಾದ ಮೊದಲ ಸರಣಿಯಲ್ಲೇ ಇಂಗ್ಲೆಂಡಿನಲ್ಲಿ 754 ರನ್ ಹೊಡೆದರು. ಭಾರತದ ಕ್ಯಾಪ್ಟನ್ ಒಂದು ಸರಣಿಯಲ್ಲಿ ಹೊಡೆದ ಅತಿ ಹೆಚ್ಚು ರನ್. ಅದಕ್ಕೂ ಮೊದಲು ಆ ದಾಖಲೆ ಗಾವಸ್ಕರ್ ಅವರದ್ದು, 1978-79ರಲ್ಲಿ 732. ಅಷ್ಟು ಹೊಡೆದು ಸರಣಿ ಗೆದ್ದ ಗಾವಸ್ಕರ್ ಕೈಯಿಂದಲೇ ಮುಂದಿನ ಇಂಗ್ಲೆಂಡ್ ಪ್ರವಾಸಕ್ಕೆ ಕ್ಯಾಪ್ಟನ್ ಪಟ್ಟ ಕಿತ್ತುಕೊಂಡಿದ್ದರು. ಹಾಗಾಗಿ ಗಿಲ್‌ಗೆ ಹೇಳುವುದಿಷ್ಟೇ, 754 ಇಟ್ಟುಕೊಂಡು ತುಂಬ ದಿನ ನಿಶ್ಚಿಂತೆಯಿಂದ ಇರಬೇಡಪ್ಪಾ...

ನಿರೀಕ್ಷೆ ಇಟ್ಟುಕೊಳ್ಳುವುದು ತಪ್ಪಲ್ಲ. ನಿರೀಕ್ಷೆ ಇಲ್ಲದಿದ್ದರೆ ರಾತ್ರಿಯೆಲ್ಲ ಎದ್ದು ಕೂತು ಜಮೈಕಾ ಟೆಸ್ಟ್ ಯಾರು ನೋಡುತ್ತಿದ್ದರು? ಆದರೆ ಕ್ಯಾಪ್ಟನ್ ರನ್ ಎಣಿಸುವಾಗ ಆ ದಿನ ತಂಡಕ್ಕೆ ಏನು ಬೇಕಿತ್ತು ಅನ್ನೋದನ್ನೂ ಎಣಿಸಬೇಕಲ್ವಾ? ಓವಲ್‌ನಲ್ಲಿ ಬೇಕಿದ್ದದ್ದು ಸೋಲದೆ ಉಳಿಯುವುದು. ಫಾಲೋ ಆನ್ ಕೊಡಬೇಕಿತ್ತು ಅಂತ ವಾದಿಸಿ, ಅದು ನ್ಯಾಯವಾದ ಜಗಳ, ನಾನೂ ಕೂತು ಕೇಳುತ್ತೇನೆ. ಆದರೆ 21 ವರ್ಷ ಸಿಗದಿದ್ದ ಸರಣಿ ಕೈಗೆ ಬಂದಿತ್ತು, ಅದು ಜಾರದ ಹಾಗೆ ಒಬ್ಬ ಮನುಷ್ಯ 96 ಎಸೆತ ತಡೆದು ನಿಂತ. ಅದನ್ನು 12 ರನ್ ಅಂತ ಬರೆಯುವುದು ಸ್ಕೋರ್ ಬುಕ್ಕಿನ ಕೆಲಸ. ನಾವು ಹಾಗೇ ಬರೆದುಕೊಳ್ಳಬೇಕಾ?

ನೀವೇನಂತೀರಿ?