ಬೆಕ್ಕಿನ ಪಿಯಾನೋ ಕಚೇರಿ

ಹಾಸ್ಯವೆಂಬುದು ಅಂಕೆಯಿಲ್ಲದ ಚೇಷ್ಟೆಯೆಂದು ಭಾವಿಸುವವರು, ಹಾಲಿವುಡ್ಡಿನ ಎಂ.ಜಿ.ಎಂ. ಸಂಸ್ಥೆಯು 1947ರಲ್ಲಿ ತೆರೆಗೆ ತಂದ ‘ದಿ ಕ್ಯಾಟ್ ಕನ್ಸರ್ಟೋ’ ಎಂಬ ಏಳೆಂಟು ನಿಮಿಷಗಳ ಕಾರ್ಟೂನ್ ಚಿತ್ರವನ್ನೊಮ್ಮೆ ನೋಡಬೇಕು. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಎಂಬ ನಿರ್ದೇಶಕದ್ವಯರು 1940ರಿಂದ ಸಾಕಿ ಬೆಳೆಸಿದ ಟಾಮ್ ಎಂಬ ಬೆಕ್ಕಾಗಲಿ ಜೆರ್ರಿ ಎಂಬ ಇಲಿಯಾಗಲಿ ಇಲ್ಲಿ ತುಟಿ ಬಿಚ್ಚಿ ಮಾತಾಡುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಪಿಯಾನೋ ವಿದ್ವಾಂಸನಾದ ಫ್ರಾಂಜ್ ಲಿಸ್ಟನ ಎರಡನೆಯ ‘ಹಂಗೇರಿಯನ್ ರಾಪ್ಸೊಡಿ’ಯೇ ಅವುಗಳ ಮಾತು, ಅದೇ ಅವುಗಳ ಜಗಳ.

ಕರಿಯ ಕೋಟು ತೊಟ್ಟ ಟಾಮ್ ಮಹಾಗಾಂಭೀರ್ಯದಿಂದ ವೇದಿಕೆಗೆ ಬಂದು ವಾದನವನ್ನಾರಂಭಿಸಲು, ವಾದ್ಯದೊಳಗಿನ ಸುತ್ತಿಗೆಗಳ ಮೇಲೆ ಮಲಗಿದ್ದ ಜೆರ್ರಿಯ ನಿದ್ರೆ ಕೆಡುತ್ತದೆ. ಅಲ್ಲಿಂದ ಮುಂದೆ ಕತ್ತರಿ ಬರಲಿ, ಸ್ವರದ ಮನೆಗಳ ಸ್ಥಾನದಲ್ಲಿ ಇಲಿಬೋನೇ ಕುಳಿತಿರಲಿ, ಟಾಮ್ ಕಚೇರಿಯನ್ನು ಕೈಬಿಡನು. ಕೈಗಳಿಗೆ ಬೇರೆ ಕೆಲಸ ಬಿದ್ದಾಗ ಕಾಲಿನಿಂದಲೇ ನುಡಿಸುವನು. ಸಭೆಯೆದುರು ಮಾನ ಹೋಗಬಾರದೆಂಬ ಆ ಹಠದಲ್ಲಿಯೇ ಚಿತ್ರದ ಹಾಸ್ಯಕ್ಕೆ ಬೇರಿದೆಯೆಂದು ನನ್ನ ದೃಢವಾದ ನಂಬಿಕೆ.

ಟಾಮನ ಬೆರಳುಗಳನ್ನು ಗಮನಿಸಬೇಕು. ಕಿವಿಗೆ ಕೇಳುವ ಸ್ವರವಾವುದೋ, ಬಹುಮಟ್ಟಿಗೆ ಅದೇ ಮನೆಯ ಮೇಲೆ ಅವನ ಬೆರಳೂ ಇಳಿಯುತ್ತದೆ. ಸಂಗೀತನಿರ್ದೇಶಕನಾದ ಸ್ಕಾಟ್ ಬ್ರಾಡ್ಲಿಯು ಅಳವಡಿಸಿಕೊಟ್ಟ ಸಂಗೀತವನ್ನು ಮೊದಲು ಧ್ವನಿಮುದ್ರಿಸಿ, ಒಂದು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವ ಫಿಲ್ಮಿನಲ್ಲಿ ಪ್ರತಿಯೊಂದು ಪೆಟ್ಟಿಗೂ ಎಷ್ಟು ಚೌಕಟ್ಟುಗಳೆಂದು ಎಣಿಸಿ ಬರೆದಿಟ್ಟುಕೊಂಡ ಬಳಿಕವೇ, ಕೆನೆತ್ ಮ್ಯೂಸ್, ಎಡ್ ಬಾರ್ಜ್, ಇರ್ವನ್ ಸ್ಪೆನ್ಸ್ ಮೊದಲಾದ ಚಿತ್ರಕಾರರು ಪೆನ್ಸಿಲು ಹಿಡಿದರು. ಬಾಲದ ಒಂದು ಅಲುಗಾಟವಾದರೂ ತಾಳ ತಪ್ಪುವಂತಿರಲಿಲ್ಲ. ಆ ರೇಖೆಗಳನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳಿಗಿಳಿಸಿ ಬಣ್ಣ ತುಂಬುವ ಕೆಲಸವು ಆ ಕಾಲದ ಸ್ಟುಡಿಯೋಗಳಲ್ಲಿ ಬಹುತೇಕ ಹೆಣ್ಣುಮಕ್ಕಳದಾಗಿತ್ತು. ಶೀರ್ಷಿಕೆಯಲ್ಲಿ ಅವರ ಹೆಸರು ಕಾಣದು.

ವಾರ್ನರ್ ಸಂಸ್ಥೆಯ ಫ್ರಿಜ್ ಫ್ರೆಲೆಂಗನು ಇದೇ ಕೃತಿಯನ್ನು ಬಗ್ಸ್ ಬನ್ನಿಯೆಂಬ ಮೊಲದ ಕೈಯಲ್ಲಿ ನುಡಿಸಿದ ‘ರಾಪ್ಸೊಡಿ ರ‍್ಯಾಬಿಟ್’ 1946ರಲ್ಲಿಯೇ ಬಂದಿದ್ದುದರಿಂದ, ಕೃತಿಚೌರ್ಯದ ಶಂಕೆ ಎರಡು ಕಡೆಯೂ ಹಬ್ಬಿತು. ಆದರೆ ಆಸ್ಕರ್ ಪ್ರಶಸ್ತಿ ಸಂದುದು ಬೆಕ್ಕಿಗೆ. ಅಂದಿನ ಪದ್ಧತಿಯಂತೆ ಆ ಪುತ್ಥಳಿಯು ನಿರ್ಮಾಪಕನಾದ ಫ್ರೆಡ್ ಕ್ವಿಂಬಿಯ ಕೈ ಸೇರಿತು. ಹ್ಯಾನಾ, ಬಾರ್ಬೆರಾ, ಬ್ರಾಡ್ಲಿ ಈ ಮೂವರಿಗೆ ಸಲ್ಲಬೇಕಾಗಿದ್ದ ಗೌರವವದು.