ಒಂದು ಹೆಸರಿಗೆ ಮರಣದಂಡನೆ

ಹೈಸ್ಕೂಲಿನ ದಿನಗಳಲ್ಲಿ ನಾನು ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ವಾಲ್ಟರ್ ಸ್ಕಾಟನ 'ರಾಬ್ ರಾಯ್' ಕಾದಂಬರಿಯನ್ನು ಓದಿದ್ದೆ. ಅದರಲ್ಲಿ ಕ್ಯಾಂಬೆಲ್ ಎಂಬ ದನದ ವ್ಯಾಪಾರಿಯೊಬ್ಬ ಬರುತ್ತಾನೆ. ಕಥೆ ಬೆಳೆದಂತೆ, ಆತನೇ ಸ್ಕಾಟ್ಲೆಂಡಿನ ಹೆಸರಾಂತ ಪುಂಡ ರಾಬ್ ರಾಯ್ ಮ್ಯಾಕ್‌ಗ್ರೆಗರ್ ಎಂಬುದು ಬಯಲಾಗುತ್ತದೆ. ಒಬ್ಬನಿಗೆ ಎರಡು ಹೆಸರೇಕೆ ಎಂದು ನಮ್ಮ ಇಂಗ್ಲಿಷ್ ಮೇಷ್ಟರನ್ನು ಕೇಳಿದೆ. "ಕಳ್ಳನಿಗೆ ಒಂದು ಹೆಸರು ಸಾಕಾಗುತ್ತದೇನೋ?" ಎಂದು ಅವರು ನಕ್ಕರು. ನಾನೂ ನಕ್ಕು ಸುಮ್ಮನಾದೆ. ಆ ಉತ್ತರ ಸರಿಯಲ್ಲವೆಂದು ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು. ರಾಬ್ ರಾಯ್ ಹೆಸರನ್ನು ಮರೆಮಾಡಿದ್ದು ತನ್ನ ಅಪರಾಧವನ್ನು ಮುಚ್ಚಿಕೊಳ್ಳಲಿಕ್ಕಲ್ಲ. ಆ ಹೆಸರನ್ನು ಹೊತ್ತಿರುವುದೇ ಒಂದು ಅಪರಾಧವಾಗಿತ್ತು.

ಸ್ಕಾಟ್ಲೆಂಡಿನ ಮಲೆನಾಡಿನ ಭಾಷೆಯಾದ ಗೇಲಿಕ್‌ನಲ್ಲಿ 'ಮ್ಯಾಕ್' ಎಂದರೆ ಮಗ. ನಾವು ತಂದೆಯ ಹೆಸರಿನ ಮೊದಲಕ್ಷರವನ್ನು ನಮ್ಮ ಹೆಸರಿಗೆ ಸೇರಿಸಿಕೊಳ್ಳುವ ಹಾಗೆ ಅವರು ಮೂಲಪುರುಷನ ಹೆಸರನ್ನು ಸೇರಿಸಿಕೊಂಡರು. ಗ್ರೆಗರ್ ಎಂಬುದು ಗ್ರೀಕ್ ಮೂಲದ ಕ್ರೈಸ್ತ ಹೆಸರು. 'ಎಚ್ಚರವಾಗಿರುವವನು' ಎಂದು ಅದರ ಅರ್ಥ. ಈ ಕುಲದವರು ಮುಂದೆ ಪಟ್ಟ ಪಾಡನ್ನು ನೆನೆದರೆ ಹೆಸರು ಅನ್ವರ್ಥವೇ ಆಯಿತೆನ್ನಬೇಕು. ಎರಡು ಶತಮಾನಗಳ ಕಾಲ ಅವರು ಎಚ್ಚರ ತಪ್ಪುವಂತಿರಲಿಲ್ಲ.

ಆರ್ಗೈಲ್ ಮತ್ತು ಪರ್ತ್ ಸೀಮೆಗಳ ಗಡಿಯಲ್ಲಿರುವ ಗ್ಲೆನ್ ಆರ್ಕಿ, ಗ್ಲೆನ್ ಸ್ಟ್ರೇ ಮೊದಲಾದ ಕಣಿವೆಗಳು ಅವರ ನೆಲೆ. ಆ ನೆಲ ತಮ್ಮದೆಂದು ಅವರು ನಂಬಿದ್ದರು. ಆದರೆ ಅದಕ್ಕೆ ಅವರ ಬಳಿ ಇದ್ದ ದಾಖಲೆ ಕತ್ತಿಯೊಂದೇ. ನೆರೆಯ ಕ್ಯಾಂಬೆಲ್ಲರಾದರೋ ಅರಸರಿಂದ ಸನ್ನದುಗಳನ್ನು ಪಡೆದರು. ಸನ್ನದಿನ ಎದುರು ಕತ್ತಿ ಎಷ್ಟು ದಿನ ನಿಂತೀತು? ನೆಲ ಕಳೆದುಕೊಂಡವರು ದನ ಹೊಡೆದುಕೊಂಡು ಹೋಗಿ ಬದುಕುವುದನ್ನು ಕಲಿತರು. ಅವರನ್ನು ಸಾಧುಗಳೆಂದು ನಾನು ಹೇಳುವುದಿಲ್ಲ. 1589ರಲ್ಲಿ ಅರಸನ ಅರಣ್ಯಾಧಿಕಾರಿ ಡ್ರಮಂಡ್‌ನ ಕೊಲೆಯಾಯಿತು. ಮ್ಯಾಕ್‌ಗ್ರೆಗರರು ಬಾಲ್‌ಕ್ವಿಡರ್ ಇಗರ್ಜಿಯಲ್ಲಿ ನೆರೆದು, ಅವನ ರುಂಡದ ಮೇಲೆ ಕೈಯಿಟ್ಟು ಕೊಲೆಗಾರರನ್ನು ರಕ್ಷಿಸುವ ಪ್ರತಿಜ್ಞೆ ಮಾಡಿದರೆಂಬ ದೂರು ಅರಸನ ಸಭೆಯನ್ನು ಮುಟ್ಟಿತು.

ಪ್ರಳಯ ಬಂದದ್ದು 1603ರಲ್ಲಿ. ಆ ವರ್ಷದ ಫೆಬ್ರವರಿ 7ರಂದು, ಲೋಮಂಡ್ ಸರೋವರದ ಸಮೀಪದ ಗ್ಲೆನ್ ಫ್ರೂಯಿನ್ ಕಣಿವೆಯಲ್ಲಿ, ಕುಲನಾಯಕ ಅಲಾಸ್ಟರನ ಕೆಳಗೆ ಅವರು ಕಹೂನ್ ಕುಲದವರನ್ನು ಸೋಲಿಸಿದರು. ಸತ್ತವರು 140 ಜನರೆಂದು ಅವನ ಮೇಲಿನ ಆರೋಪಪತ್ರದಲ್ಲಿ ಬರೆದಿದೆ. ಆಗಿನ ಅರಸ ಆರನೆಯ ಜೇಮ್ಸ್. ಇಂಗ್ಲೆಂಡಿನ ರಾಣಿ ಎಲಿಜಬೆತ್ ತೀರಿಕೊಂಡು ಅವನಿಗೆ ಆ ಸಿಂಹಾಸನವೂ ಒಲಿದಿತ್ತು. ಏಪ್ರಿಲ್ 5ರಂದು ಅವನು ಎಡಿನ್‌ಬರೋ ಬಿಟ್ಟು ಲಂಡನ್ನಿಗೆ ಹೊರಟ. ಅದಕ್ಕೆ ಎರಡೇ ದಿನ ಮೊದಲು ಅವನ ಮಂತ್ರಾಲೋಚನಾ ಸಭೆ ಒಂದು ಆಜ್ಞೆ ಹೊರಡಿಸಿತ್ತು: ಗ್ರೆಗರ್, ಮ್ಯಾಕ್‌ಗ್ರೆಗರ್ ಎಂಬ ಹೆಸರನ್ನು ಯಾರೂ ಇಟ್ಟುಕೊಳ್ಳಕೂಡದು, ಇಟ್ಟುಕೊಂಡವರಿಗೆ ಮರಣದಂಡನೆ.

ಮನುಷ್ಯರನ್ನು ಗಲ್ಲಿಗೇರಿಸಿದ ಅರಸರು ಎಲ್ಲ ದೇಶಗಳಲ್ಲೂ ಇದ್ದಾರೆ. ಒಂದು ಹೆಸರನ್ನೇ ಗಲ್ಲಿಗೇರಿಸಹೊರಟದ್ದು ಅಪರೂಪ.

ಅಲಾಸ್ಟರನಿಗೆ ಆರ್ಗೈಲ್‌ನ ಅರ್ಲ್ ಅಭಯ ಕೊಟ್ಟ: "ಶರಣಾಗು, ನಿನ್ನನ್ನು ಸುರಕ್ಷಿತವಾಗಿ ಇಂಗ್ಲೆಂಡಿನ ನೆಲ ಮುಟ್ಟಿಸುತ್ತೇನೆ." ಆಡಿದ ಮಾತಿಗೆ ಅರ್ಲ್ ತಪ್ಪಲಿಲ್ಲ. ಗಡಿ ದಾಟಿಸಿದ, ಆ ನೆಲ ಮುಟ್ಟಿಸಿದ ಕೂಡಲೇ ಹಿಂದಕ್ಕೆ ಕರೆತಂದ. 1604ರ ಜನವರಿ 20ರಂದು ಎಡಿನ್‌ಬರೋ ಪೇಟೆಯಲ್ಲಿ ಅವನನ್ನು ಗಲ್ಲಿಗೆ ಹಾಕಿದರು.

ಅನಂತರದ ಕಟ್ಟಳೆಗಳನ್ನು ಓದುವಾಗ ಕೋಪಕ್ಕಿಂತ ಹೆಚ್ಚಾಗಿ ಆಶ್ಚರ್ಯವಾಗುತ್ತದೆ. ಈ ಕುಲದವರು ನಾಲ್ವರಿಗಿಂತ ಹೆಚ್ಚು ಮಂದಿ ಒಂದೆಡೆ ಸೇರಕೂಡದು. ಊಟಕ್ಕೆ ಬೇಕಾದ ಮೊನೆಯಿಲ್ಲದ ಚೂರಿಯ ಹೊರತು ಬೇರೆ ಆಯುಧ ಇಟ್ಟುಕೊಳ್ಳಕೂಡದು. 1633ರಲ್ಲಿ ಪಾದ್ರಿಗಳಿಗೂ ಕಟ್ಟಪ್ಪಣೆಯಾಯಿತು: ಯಾವ ಗಂಡುಮಗುವಿಗೂ ಗ್ರೆಗರ್ ಎಂದು ನಾಮಕರಣ ಮಾಡಕೂಡದು. ತೊಟ್ಟಿಲ ಕೂಸಿನ ಹೆಸರಿಗೂ ರಾಜ್ಯ ಹೆದರಿತ್ತು ಎಂದಾಯಿತು.

ಹಾಗಾದರೆ ಅವರು ಮಾಡಿದ್ದೇನು? ಮರ್ರೆ, ಡ್ರಮಂಡ್, ಸ್ಟೂವರ್ಟ್, ಗ್ರಾಂಟ್ ಎಂದು ಸಿಕ್ಕ ಹೆಸರನ್ನು ಹೊದ್ದುಕೊಂಡರು. ಕೆಲವರು ತಮ್ಮ ನೆಲವನ್ನು ನುಂಗಿದ ಕ್ಯಾಂಬೆಲ್ಲರ ಹೆಸರನ್ನೇ ಇಟ್ಟುಕೊಂಡರು. ಇದರಲ್ಲಿರುವ ನೋವನ್ನು ವಿವರಿಸಬೇಕಾಗಿಲ್ಲ. ಅರಸನ ಪಕ್ಷ ಹಿಡಿದು ಹೋರಾಡಿದ್ದಕ್ಕಾಗಿ 1661ರಲ್ಲಿ ಎರಡನೆಯ ಚಾರ್ಲ್ಸ್ ಹೆಸರನ್ನು ಹಿಂದಿರುಗಿಸಿದ. 1693ರಲ್ಲಿ ವಿಲಿಯಂ ದೊರೆಯ ಕಾಲದ ಪಾರ್ಲಿಮೆಂಟು ಅದನ್ನು ಮತ್ತೆ ಕಿತ್ತುಕೊಂಡಿತು. ಆಗ ರಾಬ್ ರಾಯ್ 22ರ ತರುಣ. ಅವನ ತಾಯಿ ಕ್ಯಾಂಬೆಲ್ ಮನೆತನದವಳು. ಅವನು ಅವಳ ಕುಲದ ಹೆಸರನ್ನು ಹಿಡಿದ; ಕಾಗದಪತ್ರಗಳಿಗೆ ಕ್ಯಾಂಬೆಲ್ ಎಂದೇ ಸಹಿ ಹಾಕಿದ. 1734ರಲ್ಲಿ ಅವನು ತೀರಿಕೊಂಡಾಗಲೂ ಆ ಕಾನೂನು ಜಾರಿಯಲ್ಲಿತ್ತು. ಅವನ ಸಮಾಧಿ ಇರುವುದು ಅದೇ ಬಾಲ್‌ಕ್ವಿಡರ್‌ನ ಇಗರ್ಜಿಯಂಗಳದಲ್ಲಿ.

ಬ್ರಿಟಿಷ್ ಪಾರ್ಲಿಮೆಂಟು ಕೊನೆಗೆ ಆ ಕಾನೂನನ್ನು ರದ್ದುಪಡಿಸಿದ್ದು 1774-75ರ ಅಧಿವೇಶನದಲ್ಲಿ. ಆಗ ಕುಲದವರು ಒಟ್ಟುಗೂಡಿ ತಮಗೊಬ್ಬ ನಾಯಕನನ್ನು ಆರಿಸಿಕೊಂಡರು. ಆ ಪತ್ರಕ್ಕೆ ರುಜು ಹಾಕಿದವರು 826 ಮಂದಿ ಎಂದು ಸ್ಕಾಟ್ ಬರೆದಿದ್ದಾನೆ. ಆರಿಸಿಬಂದ ಜಾನ್ ಎಂಬಾತ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಮಾಡಿದವನು. ಆದರೆ ಈ ನಾಯಕನ ಹೆಸರೇ ಜಾನ್ ಮರ್ರೆ! ಹಳೆಯ ಕುಲನಾಮವನ್ನು ಅವನು ಅಧಿಕೃತವಾಗಿ ಮರಳಿ ಪಡೆದದ್ದು 1822ರಲ್ಲಿ. ಅದೇ ವರ್ಷ ನಾಲ್ಕನೆಯ ಜಾರ್ಜ್ ಎಡಿನ್‌ಬರೋಗೆ ಬಂದಾಗ, ಸ್ಕಾಟ್ಲೆಂಡಿನ ಕಿರೀಟ, ರಾಜಖಡ್ಗಗಳಿಗೆ ಕಾವಲಾಗಿ ಮೆರವಣಿಗೆಯಲ್ಲಿ ನಡೆದವರು ಮ್ಯಾಕ್‌ಗ್ರೆಗರರು. ಮೊನೆಯಿದ್ದ ಚೂರಿಯನ್ನೂ ಯಾರ ಕೈಗೆ ಕೊಡಲು ಅರಸರು ಹೆದರಿದ್ದರೋ ಅವರ ವಶಕ್ಕೇ ರಾಜಖಡ್ಗ ಬಂತು.

ಕಥೆಯನ್ನು ಈ ಮೆರವಣಿಗೆಯಲ್ಲಿ ಮುಗಿಸಿಬಿಟ್ಟರೆ ಮನಸ್ಸಿಗೆ ಹಿತವೇನೋ ಹೌದು. ಆದರೆ ನನ್ನನ್ನು ಕಾಡುವವರು ಆ ಮೆರವಣಿಗೆಯಲ್ಲಿ ಇಲ್ಲದವರು. ಎಷ್ಟೋ ಮನೆಗಳಲ್ಲಿ ಎರವಲು ಹೆಸರೇ ಸ್ವಂತದ್ದಾಗಿ ಹೋಗಿತ್ತು. ಅಜ್ಜ ಪ್ರಾಣಭಯದಿಂದ ತೊಟ್ಟ ಹೆಸರು ಮೊಮ್ಮಗನಿಗೆ ಅಭಿಮಾನದ ಹೆಸರಾಗಿತ್ತು. ಕಾನೂನು ಕಿತ್ತುಕೊಂಡದ್ದನ್ನು ಇನ್ನೊಂದು ಕಾನೂನು ಕೊಡಬಲ್ಲದು. ಮರೆತುಹೋದದ್ದನ್ನು ಯಾವ ಕಾನೂನು ನೆನಪಿಸೀತು? ಸ್ಟೂವರ್ಟ್ ಎಂದೋ ಮರ್ರೆ ಎಂದೋ ಕರೆಸಿಕೊಳ್ಳುವ ಎಷ್ಟು ಜನ ನಿಜವಾಗಿ ಗ್ರೆಗರನ ಮಕ್ಕಳೋ ಲೆಕ್ಕ ಇಟ್ಟವರಿಲ್ಲ.

ನಮ್ಮ ಮೇಷ್ಟರು ಈಗಿಲ್ಲ. ಇದ್ದಿದ್ದರೆ ಹೋಗಿ ಹೇಳುತ್ತಿದ್ದೆ: "ಸಾರ್, ಅವನಿಗೆ ಎರಡು ಹೆಸರಿರಲಿಲ್ಲ. ಇದ್ದದ್ದು ಒಂದೇ, ಅದನ್ನು ಹೇಳಿಕೊಳ್ಳಲು ಬಿಟ್ಟಿರಲಿಲ್ಲ."